ಮೈದುನನ ತಲೆಗೆ ಕೆಂಪು ದೀಪ

ನನ್ನ ಮೈದುನನ ತಲೆಯೊಳಗೆ ಏನಿದೆ ಅಂತ ನಾನು ಹೇಳಲಾರೆ. ತಲೆಯ ಮೇಲೆ ಏನಿದೆ ಅಂತ ಕೇಳಿದರೆ ಮಾತ್ರ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಏನೂ ಇಲ್ಲ! ಕಿವಿಗಳ ಮೇಲೆ ಒಂದಿಷ್ಟು, ಹಿಂದೆ ಕತ್ತಿನ ಹತ್ತಿರ ಒಂದಿಷ್ಟು, ಬೇಲಿ ಹಾಕಿದ ಹಾಗೆ. ನಡುವೆ ಇರುವುದೆಲ್ಲ ಖಾಲಿ ಸೈಟು. ಇಂಥ ತಲೆ ಇಟ್ಟುಕೊಂಡು, ಅರವತ್ತು ದಾಟಿದ ಮೇಲೆ, ಕೂದಲು ಬೆಳೆಸಿಯೇ ತೀರುತ್ತೇನೆ ಅಂತ ಹಟ ಹಿಡಿದವನನ್ನು ಎಲ್ಲಾದರೂ ನೋಡಿದ್ದೀರಾ? ಇಲ್ಲದಿದ್ದರೆ ಪುಟ್ಟೇನಹಳ್ಳಿಗೆ ಬನ್ನಿ, ತೋರಿಸುತ್ತೇನೆ. ನಮ್ಮ ಕೆಳಗಿನ ಮನೆಯಲ್ಲೇ ಇದ್ದಾನೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಇನ್ನೂ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹರಳೆಣ್ಣೆ ಹಚ್ಚಿ ತಲೆ ಬಾಚಿ ಬೆಳೆಸಿದವಳು ನಾನು. ಅದಕ್ಕೇ ಇವತ್ತಿಗೂ ಅವನು ನನಗೆ ನೀನು ಅನ್ನುತ್ತಾನೆ, ನಾನು ಅವನಿಗೆ ಲೋ ಅನ್ನುತ್ತೇನೆ. ಆಗ ಅವನದು ಎಂಥ ಕೂದಲು ಅಂತೀರಿ! ಬಾಚಣಿಗೆಯ ಹಲ್ಲು ಮುರಿಯುತ್ತಿತ್ತು. ಈಗ ಹಲ್ಲಿಲ್ಲದ ಬಾಚಣಿಗೆ ಕೊಟ್ಟರೂ ಅವನಿಗೆ ನಡೆಯುತ್ತದೆ.

ಅವನ ತೊಂದರೆ ಏನೆಂದರೆ ಅವನು ರೈತ. ಹೊಲ ಇದ್ದ ಕಡೆ ಈಗ ಮೂರು ಮಹಡಿ ಮನೆ, ಬಾಡಿಗೆಯವರು, ಅವರ ಕಾರುಗಳು. ತಿಂಗಳಾದರೆ ಬಾಡಿಗೆ ತಾನಾಗಿ ಬರುತ್ತದೆ. ಅದಕ್ಕೆ ಉಳುವುದೂ ಬೇಡ, ಬಿತ್ತುವುದೂ ಬೇಡ. ಇವನೋ ಸುಮ್ಮನೆ ಕೂರಲು ಬಾರದ ಮನುಷ್ಯ. ಉಳಿದಿದ್ದ ಜಮೀನು ಅಂದರೆ ತಲೆಯೊಂದೇ. ಅಲ್ಲಿ ಬೇಸಾಯ ಶುರು ಮಾಡಿದ!

ಮೊದಲು ಈರುಳ್ಳಿ ರಸ ಹಚ್ಚಿದ. ಬೆಳಗ್ಗೆ ಎದ್ದವನೇ ತಲೆಗೆ ರಸ ಸುರಿದುಕೊಂಡು ಟೆರೇಸಿನ ಮೇಲೆ ಕೂರುತ್ತಿದ್ದ. ಮೇಲಿನ ಮನೆಯ ಬಾಡಿಗೆ ಹುಡುಗಿ ಒಂದು ದಿನ ನನ್ನ ಹತ್ತಿರ ಬಂದು, "ಆಂಟಿ, ನಿಮ್ಮನೇಲಿ ದಿನಾ ಬೆಳಗ್ಗೆ ಆಲೂಗಡ್ಡೆ ಪಲ್ಯನಾ? ವಾಸ್ನೆಗೆ ನಂಗೆ ದೋಸೆ ತಿನ್ಬೇಕು ಅನ್ಸತ್ತೆ" ಎಂದಳು.

"ಪಲ್ಯ ಅಲ್ಲಮ್ಮ, ಅದು ಓನರ್ ತಲೆ" ಎಂದೆ.

ಆ ಹುಡುಗಿ ಮರುದಿನದಿಂದ ಕಿಟಕಿ ತೆರೆಯಲಿಲ್ಲ.

ಈರುಳ್ಳಿಗೆ ಏನೂ ಹುಟ್ಟದಿದ್ದಾಗ, "ಭೂಮಿ ದಣಿದೈತೆ ಅತ್ಗೆ, ಸ್ವಲ್ಪ ದಿನ ಬೀಳು ಬಿಡ್ತೀನಿ" ಎಂದ. ಎಣ್ಣೆ, ಸೀಗೆಕಾಯಿ, ಸೋಪು ಯಾವುದನ್ನೂ ಮುಟ್ಟಿಸಲಿಲ್ಲ. ಹೊಲ ಬೀಳು ಬಿಟ್ಟರೆ ಕಳೆಯಾದರೂ ಬರುತ್ತದೆ. ಇವನಿಗೆ ಬಂದದ್ದು ಹೊಟ್ಟು. "ಏನೋ ಒಂದು ಬಂತಲ್ಲ!" ಎಂದು ಅದಕ್ಕೂ ಖುಷಿಪಟ್ಟ.

ಹೀಗಿರುವಾಗ ಅವನ ಫೋನಿನಲ್ಲಿ ಆ ಟೋಪಿ ಕಾಣಿಸಿತು. ಸ್ಕೂಟರ್ ಹೆಲ್ಮೆಟ್ಟಿನ ಹಾಗೇ ಇದೆ, ಒಳಗೆ ಮಾತ್ರ ಸಾಲಾಗಿ ಕೆಂಪು ದೀಪ. ಲೇಸರ್ ಅಂತೆ. ತಲೆಗೆ ಹಾಕಿಕೊಂಡು ಸುಮ್ಮನೆ ಕೂತರೆ ಬೆಳಕು ಚರ್ಮದೊಳಗೆ ಇಳಿದು ನಿದ್ದೆ ಹೋಗಿರುವ ಬೇರನ್ನು ಎಬ್ಬಿಸುತ್ತದಂತೆ. ಫೋನು ಹಿಡಿದುಕೊಂಡು ಅಡುಗೆಮನೆಗೇ ಬಂದ.

"ಅತ್ಗೆ, ಇದನ್ನ ತಗೊಳ್ಳಾದಾ, ಬ್ಯಾಡ್ವಾ?"

"ಎಷ್ಟಂತೆ?"

ಹೇಳಿದ. ನಾನು ಸೌಟು ಕೆಳಗಿಟ್ಟೆ.

"ಲೋ, ಆ ದುಡ್ಡಿಗೆ ಕರೆಯೋ ಹಸು ಬರ್ತದೆ. ಹಸು ಆದ್ರೆ ಹಾಲೂ ಕೊಡ್ತದೆ, ತಲೆನೂ ನೆಕ್ತದೆ!"

"ಹಸು ಎಲ್ಲಿ ಕಟ್ಟಾದು ಅತ್ಗೆ? ಬಾಡಿಗೆಯವ್ರ ಕಾರಿಗೇ ಜಾಗ ಇಲ್ಲ."

ನೋಡಿ, ಹಸುವಿನ ವಿಷಯಕ್ಕೆ ಬಂದರೆ ಬುದ್ಧಿ ಸರಿಯಾಗಿಯೇ ಇದೆ.

"ಹುಟ್ಟಿದಾಗಿಂದ ಬಿಸಿಲಲ್ಲಿ ಓಡಾಡಿದ್ದೀಯ. ಸೂರ್ಯನಿಗೆ ಏಳದ ಬೇರು ಈ ಸೀರಿಯಲ್ ಲೈಟಿಗೆ ಏಳ್ತದಾ?"

"ಇದು ಬ್ಯಾರೆ ಬೆಳಕಂತೆ ಅತ್ಗೆ."

ಬೆಳಕಿನಲ್ಲಿ ಬೇರೆ ಬೆಳಕು ಎಂಥದು? ನನಗೆ ಅರ್ಥವಾಗಲಿಲ್ಲ. ಅವನಿಗೂ ಆಗಿರಲಿಲ್ಲ. ಅದಕ್ಕೇ ಕೆರೆ ಏರಿಯ ಮೇಲೆ ವಾಕಿಂಗ್ ಬರುವವರನ್ನೆಲ್ಲ ನಿಲ್ಲಿಸಿ ಕೇಳತೊಡಗಿದ. ರಿಟೈರ್ ಆದ ಒಬ್ಬರು ತಮ್ಮ ಅಳಿಯನಿಗೆ ಸೊಗಸಾಗಿ ಬಂತು ಎಂದರು. ಅವರ ಹೆಂಡತಿ ಅಲ್ಲೇ ನಿಂತುಕೊಂಡು, ಅದು ಟೋಪಿಯಿಂದ ಬಂದದ್ದಲ್ಲ, ಜೊತೆಗೆ ನುಂಗಿದ ಮಾತ್ರೆಯಿಂದ ಬಂದದ್ದು ಎಂದರು. ಮೂರನೆಯವರು ತಮ್ಮ ಮಗ ತಂದ ಟೋಪಿ ಅಟ್ಟದ ಮೇಲಿದೆ, ಬೇಕಾದರೆ ಒಯ್ಯಿರಿ ಎಂದರು. ಇನ್ನೊಬ್ಬರು ಮಿದುಳು ಬೆಂದುಹೋಗುತ್ತದೆ ಎಂದು ಹೆದರಿಸಿದರು. ನನ್ನ ಮೈದುನನಿಗೆ ಆ ಭಯ ಬೇಡ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಇಷ್ಟಾಗುವ ಹೊತ್ತಿಗೆ ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಅನ್ನ ಬಿಟ್ಟಳು. "ಅಕ್ಕಾ, ಮೊಮ್ಮಗ ಸ್ಕೂಲಿಗೆ ಹೋಗ್ತಾವ್ನೆ. ಈ ವಯಸ್ಸಲ್ಲಿ ಇವ್ರಿಗೆ ಕೂದ್ಲು ಯಾಕೆ? ಯಾವ್ಳಿಗೋ ತೋರ್ಸಕ್ಕೇ ಇರ್ಬೇಕು! ಕೆರೆ ಹತ್ರ ಬರೋ ಯಾವ್ಳೋ ಇರ್ಬೇಕು!" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಿನ್ನ ಗಂಡನ್ನ ನೋಡಕ್ಕೆ ಕಣ್ಣಿರೋ ಯಾವ ಹೆಂಗಸೂ ಬರಲ್ಲ, ಸುಮ್ನೆ ಉಣ್ಣು" ಎಂದೆ. ಸಮಾಧಾನ ಹೇಳಿದ್ದು ನಾನು. ಅವಳು ಇನ್ನೂ ಜೋರಾಗಿ ಅತ್ತಳು. ಕೊನೆಗೆ, ಅವನು ಟೋಪಿ ಮಾರುವ ಅಂಗಡಿಗೆ ಹೊರಟ ದಿನ ನಾನೂ ಜೊತೆಗೆ ಹೋಗಿ ಒಳಗುಟ್ಟು ತಿಳಿದುಕೊಂಡು ಬರಬೇಕು ಅಂತ ತೀರ್ಮಾನವಾಯಿತು.

ಅಂಗಡಿ ಜಯನಗರದಲ್ಲಿ. ಗಾಜಿನ ಬಾಗಿಲು, ಒಳಗೆ ಎಸಿ ಚಳಿ. ಒಬ್ಬಳು ಹುಡುಗಿ, "ಬನ್ನಿ ಅಂಕಲ್, ಕೂತ್ಕೊಳ್ಳಿ ಅಂಕಲ್" ಎನ್ನುತ್ತಾ ಟೋಪಿ ತಂದು ಇವನ ತಲೆಗೆ ಹಾಕಿ ಸ್ವಿಚ್ಚು ಒತ್ತಿದಳು. ಇವನು ಮದುವೆಗಂಡಿನ ಹಾಗೆ ಕೈ ಕಟ್ಟಿಕೊಂಡು ಕಣ್ಣು ಮುಚ್ಚಿ ಕೂತ. ಟೋಪಿಯ ಸಂದಿಯಿಂದ ಕೆಂಪು ಬೆಳಕು ಮುಖದ ಮೇಲೆ ಬಿದ್ದು, ಗಣೇಶನ ಪೆಂಡಾಲಿನಲ್ಲಿ ಕೂರಿಸಿದ ಹಾಗಿದ್ದ. ಕೈ ಮುಗಿಯುವುದೊಂದು ಬಾಕಿ!

"ಏನನ್ನಿಸ್ತದೆ?" ಎಂದು ಕೇಳಿದೆ.

"ಮೊಳಕೆ ಒಡೆದಂಗೆ ಅನ್ನಿಸ್ತದೆ ಅತ್ಗೆ."

"ಲೋ, ಸ್ವಿಚ್ ಹಾಕಿ ಇನ್ನೂ ಒಂದು ಉಸಿರು ಬಿಟ್ಟಿಲ್ಲ!"

ಹುಡುಗಿ ನನಗೆ ಎರಡು ಫೋಟೋ ತೋರಿಸಿದಳು. ಒಂದರಲ್ಲಿ ಬೋಳ, ಇನ್ನೊಂದರಲ್ಲಿ ಪೊದೆ. ನಾನು ಓದಿದವಳಲ್ಲ, ಆದರೆ ಕಣ್ಣು ಚೆನ್ನಾಗಿವೆ. "ಇಬ್ರೂ ಒಬ್ನೇನಾ? ಇವನ ಕಿವಿ ಅಂಟ್ಕೊಂಡಿದೆ, ಅವನ ಕಿವಿ ಬಿಟ್ಕೊಂಡಿದೆ. ಟೋಪಿ ಕಿವಿನೂ ಬೆಳೆಸ್ತದಾ?" ಎಂದೆ.

"ಕಂಪನಿಯಿಂದ ಬಂದಿದ್ದು ಆಂಟಿ, ನಂಗೊತ್ತಿಲ್ಲ" ಎಂದಳು ಪಾಪ. ಆ ಮಾತೊಂದನ್ನು ಮಾತ್ರ ನಾನು ನಂಬಿದೆ.

ಇವನು ಆಗಲೇ ಜೇಬಿಗೆ ಕೈ ಹಾಕಿದ್ದ. ನಾನು ರಟ್ಟೆ ಹಿಡಿದು ಎಬ್ಬಿಸಿ, ಮೊದಲು ಚರ್ಮದ ಡಾಕ್ಟರನ್ನು ಕೇಳೋಣ ಎಂದು ಆಟೋದಲ್ಲಿ ಬನಶಂಕರಿಗೆ ಎಳೆದುಕೊಂಡು ಹೋದೆ. ಡಾಕ್ಟರ ಬಾಗಿಲು ತೆರೆದರೆ ಏನು ನೋಡುವುದು? ಡಾಕ್ಟರೂ ಬೋಳ! ನನ್ನ ಮೈದುನನಿಗಿಂತ ಹೆಚ್ಚು ಮಿಂಚುತ್ತಿದ್ದರು.

"ಸ್ವಾಮಿ, ಆ ಟೋಪಿ ಒಳ್ಳೇದಾದ್ರೆ ನೀವ್ಯಾಕೆ ಹಾಕ್ಕೊಂಡಿಲ್ಲ?" ಎಂದು ಕೂರುವ ಮೊದಲೇ ಕೇಳಿಬಿಟ್ಟೆ.

ಒಳ್ಳೆಯ ಮನುಷ್ಯ, ನಕ್ಕರು. "ಅಮ್ಮಾ, ಅದು ಪೂರಾ ಮೋಸ ಅಲ್ಲ. ಕೂದ್ಲು ತೆಳ್ಳಗಾಗ್ತಿದೆ, ಆದ್ರೆ ಬೇರು ಇನ್ನೂ ಬದುಕಿದೆ ಅಂದ್ರೆ ಕೆಲವ್ರಿಗೆ ಸ್ವಲ್ಪ ದಟ್ಟ ಆಗತ್ತೆ. ಎಲ್ರಿಗೂ ಅಲ್ಲ. ತಿಂಗಳುಗಟ್ಟಲೆ ಬಿಡದೆ ಹಾಕ್ಕೋಬೇಕು. ನಿಲ್ಸಿದ್ರೆ ಬಂದಿದ್ದೂ ಹೋಗತ್ತೆ. ನನ್ನ ತಲೆ ಥರ ನುಣ್ಣಗಾಗಿದ್ರೆ ಏನೂ ಪ್ರಯೋಜನ ಇಲ್ಲ."

ನನಗೆ ತಲೆ ಗಿರ್ ಎಂದಿತು. ಒಳ್ಳೆಯದು, ಆದರೆ ಎಲ್ಲರಿಗೂ ಅಲ್ಲ. ಬರುತ್ತದೆ, ಆದರೆ ಉಳಿಯುವುದಿಲ್ಲ. ಕೂದಲು ಇರುವವರಿಗೆ ಕೂದಲು ಬರುತ್ತದೆ, ಇಲ್ಲದವರಿಗೆ ಬರುವುದಿಲ್ಲ! ಇದು ಹೌದು ಅಂತಲೋ, ಅಲ್ಲ ಅಂತಲೋ? ಡಾಕ್ಟರು ಭೂತಗನ್ನಡಿ ಹಿಡಿದು ಇವನ ನೆತ್ತಿಯನ್ನು ನಿಧಾನವಾಗಿ ನೋಡಿ, "ಇಲ್ಲಿ ಬೇರೇ ಇಲ್ಲ, ದುಡ್ಡು ದಂಡ ಮಾಡ್ಕೋಬೇಡಿ" ಎಂದರು.

ಇವನು ಬಿಡಬೇಕಲ್ಲ! "ಸಾರ್, ನಂಗೆ ಯಾವಾಗ್ಲೂ ಇರ್ಬೇಕು ಅಂತಿಲ್ಲ. ಒಂದ್ಸಲ ಬಂದ್ರೆ ಸಾಕು. ಬಂದ ತಕ್ಷಣ ಬೋಳಿಸ್ಬಿಡ್ತೀನಿ."

ಡಾಕ್ಟರು ಭೂತಗನ್ನಡಿ ಇಳಿಸಿದರು. "ಬೋಳಿಸೋದಕ್ಕೆ ಬೆಳಸ್ತೀರಾ?"

"ಹೂಂ ಸಾರ್. ತಿಮ್ಮಪ್ಪನಿಗೆ ಮುಡಿ ಬಾಕಿ ಐತೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಯಾವ ಪುಸ್ತಕದಲ್ಲೂ ಇದಕ್ಕೆ ಔಷಧಿ ಇರಲಿಕ್ಕಿಲ್ಲ. ಫೀಸು ಕೂಡ ಅರ್ಧ ಮಾತ್ರ ತೆಗೆದುಕೊಂಡರು.

ಹೊರಗೆ ಬಂದು ಫುಟ್‌ಪಾತಿನ ಕಟ್ಟೆಯ ಮೇಲೆ ಅವನನ್ನು ಕೂರಿಸಿ ಗದರಿದೆ. "ಯಾವ ಮುಡಿನೋ? ಯಾವಾಗ ಹೊತ್ತಿದ್ದು?"

ಅವನು ಚಪ್ಪಲಿ ನೋಡಿಕೊಂಡು ಮಾತಾಡಿದ. "ನಿಂಗೆ ಗರ್ಭಕೋಶದ ಆಪರೇಷನ್ ಆಯ್ತಲ್ಲ ಅತ್ಗೆ, ಆಗ. ಏನೂ ಹೇಳಕ್ಕಾಗಲ್ಲ ಅಂದ್ಬಿಟ್ರು ಡಾಕ್ಟ್ರು. ಅಣ್ಣ ಬಾಗ್ಲಲ್ಲಿ ಕುಸಿದು ಕೂತಿದ್ದ. ನಾನು ಆಸ್ಪತ್ರೆ ಹಿಂದೆ ಹೋಗಿ, ಅತ್ಗೆ ಎದ್ದು ಮನೆಗೆ ಬಂದ್ರೆ ನನ್ನ ತಲೆಕೂದ್ಲು ಪೂರ್ತಿ ನಿಂದೇ ತಂದೆ ಅಂತ ಅಂದ್ಕೊಂಡೆ."

"ನಾನು ಎದ್ದು ಬಂದ್ನಲ್ಲ. ಕೊಡಬೇಕಿತ್ತು."

"ಅಷ್ಟ್ರಲ್ಲಿ ನೀವು ನಂಗೆ ಹೆಣ್ಣು ನೋಡಕ್ಕೆ ಶುರು ಮಾಡಿದ್ರಿ. ಬೋಳುತಲೇಲಿ ಹೆಣ್ಣು ನೋಡಕ್ಕೆ ಹೋಗ್ಲಾ? ಮದ್ವೆ ಆಗ್ಲಿ ಅಂದ್ಕೊಂಡೆ. ಮದ್ವೆ ಆದ್ಮೇಲೆ ನಿನ್ನ ಓರಗಿತ್ತಿ, ನಿಮ್ಮ ಕ್ರಾಪು ಚೆನ್ನಾಗೈತೆ ಅಂದ್ಬಿಟ್ಲು."

ಅವಳು ಜೀವನದಲ್ಲಿ ಅವನನ್ನು ಹೊಗಳಿದ್ದು ಅದೊಂದೇ ಸಲ ಇರಬೇಕು. ಅದೂ ಹೀಗಾಯಿತು! ಹಾಗೆ ಇವತ್ತು ನಾಳೆ ಅನ್ನುವಷ್ಟರಲ್ಲಿ ಕೂದಲೇ ಹೊರಟುಹೋಯಿತು. ಉಳಿದಷ್ಟನ್ನು ಕೊಡಬಾರದೇನೋ ಎಂದರೆ, ಕಣ ಗುಡಿಸಿದ ಮೇಲೆ ಬಿದ್ದ ಕಾಳನ್ನು ಯಾರಾದರೂ ದೇವರಿಗೆ ಕೊಡುತ್ತಾರಾ ಅಂತ ನನ್ನನ್ನೇ ಕೇಳಿದ.

"ಹೋಗ್ಲಿ ಬಿಡು. ತಿಮ್ಮಪ್ಪನೇ ಕಂತಲ್ಲಿ ತಗೊಂಡವ್ನೆ. ಬಾಕಿ ತೀರ್ತು."

"ಅವ್ನು ತಗೊಂಡಿದ್ದು ಬ್ಯಾರೆ ಅತ್ಗೆ. ನಾನು ಕೊಡಾದು ಬ್ಯಾರೆ."

"ಈಗೇನು ಅವಸರ ಬಂತು?" ಎಂದೆ.

"ನೀನು ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆಯಲ್ಲ, ಆವತ್ತೇ ಗೊತ್ತಾಯ್ತು. ಅವ್ನು ಬಾಕಿ ಕೇಳ್ತಾವ್ನೆ. ಕೊಡ್ದೇ ಇದ್ರೆ ನಿನ್ನ..." ಎಂದವನು ಮೂಗು ಒರೆಸಿಕೊಂಡ.

"ಬಚ್ಚಲು ಪಾಚಿ ಕಟ್ಟಿತ್ತು ಕಣೋ! ತಿಕ್ಕದೇ ಇದ್ದಿದ್ದು ನಿಮ್ಮನೆ ಕೆಲ್ಸದವಳು. ತಿಮ್ಮಪ್ಪ ಏನ್ ಮಾಡ್ದ?"

ಕೇಳಿದರೆ ತಾನೆ? ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಫೋನಿನೊಳಗಿನ ಟೋಪಿ ನೋಡುತ್ತಿದ್ದ. ಬೇರಿಲ್ಲದ ತಲೆಗೆ ಅಷ್ಟು ದುಡ್ಡು ಸುರಿದು, ಬಾರದ ಕೂದಲಿಗೆ ಕಾದು, ನನಗೆ ಒಂದು ಸೀನು ಬಂದರೂ ತನ್ನಿಂದಲೇ ಅಂತ ಇವನು ಸಾಯುತ್ತಾನೆ. ಏನು ಮಾಡುವುದು? ಆಗ ನನಗೆ ಅವನ ಭಾಷೆಯಲ್ಲೇ ಹೇಳಬೇಕು ಅನ್ನಿಸಿತು.

"ಲೋ, ಇಲ್ಲಿ ಕೇಳು. ನನ್ನ ಜೀವದ ಮೇಲೆ ಹರಕೆ ಹೊತ್ತಿದ್ದು ನೀನು. ಆ ಜೀವ ಉಳೀತು. ಉಳಿದ್ಮೇಲೆ ಬೆಳೆದ ಕೂದ್ಲು ನನ್ನ ತಲೆ ಮೇಲಿದೆ. ಅಂದ್ರೆ ಭೂಮಿ ನಂದು, ಬೀಜ ನಿಂದು. ವಾರಕ್ಕೆ, ಪಾಲಿಗೆ ಹಾಕಿದ ಹೊಲ ಅಂದ್ಕೋ. ಬೆಳೇಲಿ ನಿಂಗೆ ಪಾಲು ಉಂಟೋ ಇಲ್ವೋ?"

ಅವನು ಫೋನು ಜೇಬಿಗೆ ಹಾಕಿ, ಬೆರಳು ಮಡಚಿ ಲೆಕ್ಕ ಹಾಕಿದ. ಹಿಂದೆ ನಮ್ಮ ಹೊಲವನ್ನು ವಾರಕ್ಕೆ ಕೊಟ್ಟು ಪಾಲು ಹಂಚುತ್ತಿದ್ದವನು ಅವನೇ.

"ಅರ್ಧ ಪಾಲು" ಎಂದ.

"ಪೂರ್ತಿ ತಗೊಂಡು ತಿಮ್ಮಪ್ಪನಿಗೆ ಕೊಡು ಮಾರಾಯ!"

ಅಲ್ಲಿಂದಲೇ ಓರಗಿತ್ತಿಗೆ ಫೋನ್ ಮಾಡಿಸಿದೆ. "ಯಾವಳಿಗೋಸ್ಕರ ಕೂದ್ಲು ಅಂತ ಗೊತ್ತಾಯ್ತು ಕಣೆ."

"ಯಾರಕ್ಕಾ ಅವ್ಳು?"

"ನಾನೇ."

ಆ ಕಡೆ ಫೋನು ಕಟ್ಟಾಯಿತು. ಮನೆಗೆ ಹೋಗಿ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಟೋಪಿ ಕೊಳ್ಳಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ನನ್ನನ್ನು ಕೇಳಬೇಡಿ, ನನಗೆ ಇವತ್ತಿಗೂ ತಿಳಿದಿಲ್ಲ. ಕೂದಲು ಇನ್ನೂ ಒಂದಿಷ್ಟು ಇರುವವರು ಡಾಕ್ಟರ ಹತ್ತಿರ ತಲೆ ತೋರಿಸಿ ಆಮೇಲೆ ಜೇಬಿಗೆ ಕೈ ಹಾಕಿ, ಅಷ್ಟೇ ನಾನು ಹೇಳಬಲ್ಲೆ.

ಮುಂದಿನ ವಾರ ಬಸ್ಸು ಹತ್ತಿ ತಿಮ್ಮಪ್ಪನ ಬೆಟ್ಟಕ್ಕೆ ಹೋದೆವು. ಮುಡಿ ತೆಗೆಯುವ ಕಡೆ ಅವನ ಬೇಲಿಯನ್ನು ಒಬ್ಬ ಒಂದೇ ಕ್ಷಣದಲ್ಲಿ ಕೆರೆದು ಕಳಿಸಿದ. ನನ್ನದಕ್ಕೆ ಹೊತ್ತು ಹಿಡಿಯಿತು. ಹೆಂಗಸೊಬ್ಬಳು ನೀರು ಹಚ್ಚಿ, ಗಂಟು ಬಿಚ್ಚಿ, ತೆಗೆಯುತ್ತಲೇ ಇದ್ದಳು. ನೆಲದ ಮೇಲೆ ಬಿದ್ದದ್ದನ್ನು ನೋಡಿದರೆ ಎಲ್ಲ ಬೆಳ್ಳಗೆ. ನನಗೇನೂ ಅನ್ನಿಸಲಿಲ್ಲ. ತಲೆ ತಣ್ಣಗಾಯಿತು, ಅಷ್ಟೇ.

ಸೆರಗು ಹೊದ್ದುಕೊಳ್ಳದೆ ಹೊರಗೆ ಬಂದೆ. ಅವನು ಕಂಬದ ಪಕ್ಕದಲ್ಲಿ ಕಾಯುತ್ತಿದ್ದ. ಹತ್ತಿರ ಬಂದು ಒಂದು ಅಂಗೈಯನ್ನು ನನ್ನ ನೆತ್ತಿಯ ಮೇಲೆ ಮೆಲ್ಲಗೆ ಇಟ್ಟ. ಆ ಅಂಗೈಯೊಳಗೆ ನನ್ನ ತಲೆ ಪೂರ್ತಿ ಹಿಡಿಸಿತು.

"ಅತ್ಗೆ," ಎಂದ, "ನಿನ್ನ ತಲೆ ಇಷ್ಟು ಚಿಕ್ಕದಾ!"

ಬಿಸಿಲು ಜೋರಾಗಿತ್ತು. ಕೈ ತೆಗಿ ಅಂತ ನಾನು ಹೇಳಲಿಲ್ಲ.