ಮೇಜಿನ ಮೇಲಿನ ಟ್ರೇಲರು

ನನ್ನ ಭಾವನ ಮನೆಯಲ್ಲಿ ಹಳತಾಗುವ ಅಧಿಕಾರ ಇರುವುದು ಮನುಷ್ಯರಿಗೆ ಮಾತ್ರ. ಬೇರೆ ಯಾವ ವಸ್ತುವಿಗೂ ಅಲ್ಲಿ ಆ ಸ್ವಾತಂತ್ರ್ಯವಿಲ್ಲ!

ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಕುಂಬಳೆಯಲ್ಲಿ ಬಸ್ಸಿಳಿದು ಒಮ್ಮೆ ಅವರ ಮನೆಗೆ ಬನ್ನಿ. ಟಿ.ವಿ.ಯ ರಿಮೋಟು ಎಂಟು ವರ್ಷಗಳಿಂದ ಬಂದ ಲಕೋಟೆಯೊಳಗೇ ಉಸಿರುಗಟ್ಟಿಕೊಂಡು ಬದುಕಿದೆ. ಫ್ರಿಜ್ಜಿನ ಬಾಗಿಲಿಗೆ ಅಂಗಡಿಯವರು ಅಂಟಿಸಿದ ನೀಲಿ ಹಾಳೆ ಇನ್ನೂ ಬಿಟ್ಟಿಲ್ಲ. ಆ ಫ್ರಿಜ್ಜಿನ ನಿಜವಾದ ಬಣ್ಣ ಯಾವುದೆಂದು ಮನೆಯವರಿಗೂ ಗೊತ್ತಿಲ್ಲ. ಮಿಕ್ಸಿಯನ್ನಂತೂ ನನ್ನ ಅಕ್ಕ ದಿನಾ ಬೆಳಿಗ್ಗೆ ರಟ್ಟಿನ ಪೆಟ್ಟಿಗೆಯಿಂದ ತೆಗೆದು, ಚಟ್ನಿ ಅರೆದು, ಒರೆಸಿ, ಎರಡೂ ಬದಿಗೆ ಥರ್ಮೊಕೋಲು ಕೊಟ್ಟು ಪುನಃ ಮಲಗಿಸುತ್ತಾಳೆ. ಸೋಫಾದ ಪ್ಲಾಸ್ಟಿಕ್ ಹೊದಿಕೆಯ ವಿಷಯ ಹೇಳುವುದೇ ಬೇಡ. ಎಪ್ರಿಲ್ ತಿಂಗಳಲ್ಲಿ ಅದರ ಮೇಲೆ ಕೂತವರು ಎದ್ದರೆ, ಸೋಫಾವೂ ಗೌರವದಿಂದ ಅರ್ಧ ಎದ್ದು ಬೀಳ್ಕೊಡುತ್ತದೆ!

ಭಾವ ಇಪ್ಪತ್ತಮೂರು ವರ್ಷ ಗಲ್ಫಿನಲ್ಲಿ ಟ್ರೇಲರ್ ಓಡಿಸಿದವರು. ಊರಿಗೆ ಮುಟ್ಟುವ ತನಕ ಯಾವ ಸಾಮಾನನ್ನೂ ಬಿಡಿಸಬಾರದು ಎಂಬುದು ಅಲ್ಲಿಂದ ಬರುವವರ ನಿಯಮ. ಊರಿಗೆ ಮುಟ್ಟಿದ ಮೇಲೆ ಬಿಡಿಸಬಹುದು ಎಂಬ ಎರಡನೆಯ ಭಾಗ ಮಾತ್ರ ಭಾವನ ಕಿವಿಗೆ ಬಿದ್ದಿಲ್ಲ.

ಇನ್ನು ನನ್ನ ವಿಷಯ. ನಾನು ಕುಂಬಳೆಗೆ ಹತ್ತಿರದ ಅನಂತಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಸುರಕ್ಷತೆಯ ಮೇಲ್ವಿಚಾರಕ. ಅಂದರೆ ಎಲ್ಲಿ ಬೆಂಕಿ ಹಿಡಿಯಬಹುದು, ಯಾರ ಬೆರಳು ಎಲ್ಲಿ ಸಿಕ್ಕಿಕೊಳ್ಳಬಹುದು ಎಂದು ದಿನವಿಡೀ ಯೋಚಿಸುವುದೇ ಕೆಲಸ. ಜನರು ಕೆಲಸ ಮುಗಿಸಿ ಮನೆಗೆ ಹೋಗುತ್ತಾರೆ. ನಾನು ಕೆಲಸವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಹೆಂಡತಿ ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೆಂಕಿಯ ಹೆದರಿಕೆಯಿಂದಲ್ಲ, ನನ್ನ ಹೆದರಿಕೆಯಿಂದ.

ಭಾವ ಗಲ್ಫ್ ಬಿಟ್ಟು ಬಂದವರೇ ಒಂದು ಕಾರು ತೆಗೆದುಕೊಂಡರು. ಸೀಟಿನ ಪ್ಲಾಸ್ಟಿಕ್ ತೆಗೆಯಲಿಲ್ಲವೆಂದು ಬೇರೆ ಹೇಳಬೇಕೇ?

“ದೂರ ಎಲ್ಲಿಗಾದ್ರೂ ಹೋಗುವಾಗ ತೆಗೆಯುವ ಮಾರಾಯ. ಕುಂಬಳೆ ಪೇಟೆಗೆ ಹೋಗ್ಲಿಕ್ಕೆ ಎಂತಕ್ಕೆ?” ಎಂದರು.

ಆ ದೂರದ ಪ್ರಯಾಣ ಬರಲೇ ಇಲ್ಲ. ಒಂದು ದಿನ ಭಾವ ಪೇಟೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಇನ್ನೊಂದು ಎಲ್ಲಿ ಜಾರಿತೆಂದು ಅವರಿಗೆ ಗೊತ್ತಿರಲಿಲ್ಲ, ಜಾರಿದ್ದೇ ಗೊತ್ತಿರಲಿಲ್ಲ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಸರಗೋಡಿನ ಡಾಕ್ಟರು ನಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೋತಿವೆ, ಬ್ರೇಕಿನ ಮೇಲೆ ಕಾಲಿಟ್ಟದ್ದು ಕಾಲಿಗೇ ತಿಳಿಯುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದುಬಿಟ್ಟರು. ಕಾರನ್ನು ಕೊಂಡುಹೋದವನು ಒಳಗೆ ಇಣುಕಿ ನೋಡಿ, “ಶೋರೂಮಿನಲ್ಲಿಯೂ ಇಷ್ಟು ಹೊಸತು ಇಲ್ಲ” ಎಂದು ಹೊಗಳಿದ. ಭಾವ ಆ ದಿನ ಊಟಕ್ಕೆ ಬರಲಿಲ್ಲ.

ಆರು ತಿಂಗಳು ಸುಮ್ಮನಿದ್ದ ಮನುಷ್ಯ ಒಂದು ಭಾನುವಾರ ಫೋನ್ ಮಾಡಿ, “ಬಾ ಮಾರಾಯ, ನಾನು ಪುನಃ ಟ್ರೇಲರ್ ತೆಗೆದೆ” ಎಂದಾಗ ನನ್ನ ಕೈಯಲ್ಲಿದ್ದ ಚಾ ಅರ್ಧ ನೆಲಕ್ಕೆ ಬಿತ್ತು. ಓಡಿದೆ. ಅಂಗಳದಲ್ಲಿ ಯಾವ ಟ್ರೇಲರೂ ಇರಲಿಲ್ಲ. ಒಳಕೋಣೆಯ ನೆಲದ ತುಂಬ ಕಂಪ್ಯೂಟರಿನ ಬಿಡಿಭಾಗಗಳು. ನಡುವೆ ಕಾಲು ಚಾಚಿ ಕೂತ ಭಾವ.

ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಒಂದು ಆಟವಿದೆಯಂತೆ. ಅದಕ್ಕೆ ನಿಜವಾದ ಸ್ಟಿಯರಿಂಗ್, ನಿಜವಾದ ಬ್ರೇಕ್ ಜೋಡಿಸಬಹುದಂತೆ. ಯಾರೋ ಪುಣ್ಯಾತ್ಮರು ಮರುಭೂಮಿಯ ರಸ್ತೆಗಳನ್ನೂ ಅದರಲ್ಲಿ ಮಾಡಿಟ್ಟಿದ್ದಾರಂತೆ. ಚಿತ್ರಗಳು ಸರಾಗವಾಗಿ ಓಡಲು ಗ್ರಾಫಿಕ್ಸ್ ಕಾರ್ಡ್ ಎಂಬ ದೊಡ್ಡ ಬಿಡಿಭಾಗ ಬೇಕಂತೆ. ಅದೂ ಬಂದಿತ್ತು, ಎಳೆಯ ಕೂಸಿನಷ್ಟು ಭಾರದ್ದು.

“ಅಂಗಡಿಯವರೇ ಜೋಡಿಸಿ ಕೊಡ್ತಾರಲ್ಲ ಭಾವ?” ಎಂದೆ.

“ಮರುಭೂಮಿ ಮಧ್ಯದಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವ ನಾನು. ಇದೆಂತ ಮಹಾ! ನೀನು ಆ ಸ್ಕ್ರೂ ಕೊಡು.”

ನಾನು ಸ್ಕ್ರೂ ಕೊಟ್ಟೆ. ಜೊತೆಗೆ ಒಂದು ಬಕೆಟ್ ಮರಳನ್ನೂ ತಂದು ಪಕ್ಕದಲ್ಲಿಟ್ಟುಕೊಂಡೆ. ಅಕ್ಕ ಅದನ್ನು ನೋಡಿ, “ಓ, ಬಂತು ಅಗ್ನಿಶಾಮಕ ದಳ!” ಎಂದಳು.

ಸಂಜೆಗೆ ಯಂತ್ರ ತಯಾರಾಯಿತು. ಹೊಸ ವಾಹನಕ್ಕೆ ಮಾಡುವ ಹಾಗೆ ಕುಂಕುಮ ಹಚ್ಚಿ, ಚಕ್ರವಿಲ್ಲದ್ದರಿಂದ ಬ್ರೇಕ್ ಮತ್ತು ಎಕ್ಸಿಲೇಟರಿನ ಕೆಳಗೆ ಒಂದೊಂದು ಲಿಂಬೆಹಣ್ಣು ಇಟ್ಟು ತುಳಿದೂ ಆಯಿತು. ಮೇಜಿನ ಮುಂದೆ ಎರಡು ಹೊಸ ಕುರ್ಚಿಗಳಿದ್ದವು, ಎರಡಕ್ಕೂ ಪ್ಲಾಸ್ಟಿಕ್. ಎಡದ್ದರಲ್ಲಿ ಭಾವ. ಬಲದ್ದರಲ್ಲಿ ನಾನು ಕೂರಲು ಹೋದೆ.

“ಹೇ ಹೇ! ಏಳು! ಅದು ನಿನಗಲ್ಲ.”

“ಮತ್ತೆ ಯಾರಿಗೆ?”

ಭಾವ ಅಡುಗೆಮನೆಯ ಕಡೆ ನೋಡಿದರು. ಮದುವೆಯಾದ ಹೊಸತರಲ್ಲಿ ಅವರು ಅಕ್ಕನಿಗೆ ಕೊಟ್ಟ ಮಾತು ನಮ್ಮ ಮನೆಯಲ್ಲೆಲ್ಲ ಪ್ರಸಿದ್ಧ: ಒಮ್ಮೆ ನಿನ್ನನ್ನು ಕರೆಸಿಕೊಂಡು, ಟ್ರೇಲರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನಾನು ಓಡಿಸುವ ರಸ್ತೆಯನ್ನೆಲ್ಲ ತೋರಿಸುತ್ತೇನೆ. ಮೊದಲು ವೀಸಾ ಸಿಗಲಿಲ್ಲ. ವೀಸಾ ಸಿಕ್ಕಿದ ವರ್ಷ ಅಕ್ಕನ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಎನ್ನುತ್ತ ಇಪ್ಪತ್ತಮೂರು ಮುಗಿದವು. ಗಲ್ಫಿನ ಗಾಡಿಗಳಲ್ಲಿ ಸ್ಟಿಯರಿಂಗ್ ಎಡಕ್ಕೆ. ಹಾಗಾಗಿ ಬಲದ ಕುರ್ಚಿ ಅಕ್ಕನದು.

ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. ಕುರ್ಚಿ ‘ಪರ್ರ್’ ಎಂದಿತು. ಭಾವ ಕೀಲಿ ತಿರುಗಿಸಿದ ಹಾಗೆ ಒಂದು ಗುಂಡಿ ಒತ್ತಿ, ಗೇರು ಹಾಕಿದರು.

ಟ್ರೇಲರು ಒಂದು ಹೆಜ್ಜೆ ಹೋಯಿತು. ನಿಂತಿತು. ಏನೋ ಮರೆತವರಂತೆ ಯೋಚಿಸಿತು. ಇನ್ನೊಂದು ಹೆಜ್ಜೆ ಹೋಯಿತು. ಯಾರೋ ಮದುವೆಯ ಆಲ್ಬಮ್ಮಿನ ಪುಟ ತಿರುವಿದ ಹಾಗೆ ರಸ್ತೆ ಒಂದೊಂದೇ ಚಿತ್ರವಾಗಿ ಬರತೊಡಗಿತು. ಭಾವ ಈಗ ತಿರುಗಿಸಿದರೆ ಟ್ರೇಲರು ಮುಂದಿನ ಚಿತ್ರದಲ್ಲಿ ತಿರುಗುತ್ತಿತ್ತು. ಅಷ್ಟರಲ್ಲಿ ಕಂಬ ಬಂದಿರುತ್ತಿತ್ತು!

ಹತ್ತು ನಿಮಿಷ ನೋಡಿ ಅಕ್ಕ ಎದ್ದಳು. “ನಿಮ್ಮ ಗಾಡಿ ಗೇಟು ದಾಟುವಾಗ ಕರೀರಿ. ನನಗೆ ಅನ್ನದ ಗಂಜಿ ಬಾಗಿಸ್ಲಿಕ್ಕೆ ಉಂಟು.”

ಅವಳು ತಮಾಷೆಗೆ ಹೇಳಿದ್ದು. ಆದರೆ ಭಾವನ ಮುಖ ಕಾರು ಮಾರಿದ ದಿನದ ಹಾಗಾಯಿತು.

ಮರುದಿನದಿಂದ ಚಿಕಿತ್ಸೆ ಶುರು. ಕರೆಂಟಿನ ದೋಷವೆಂದು ಸ್ಟೆಬಿಲೈಜರ್ ಬಂತು (ಅದರ ಪ್ಲಾಸ್ಟಿಕ್ ತೆಗೆಯಲಿಲ್ಲ). ಬಿಸಿಯಾಗುವುದರಿಂದಲೇ ಹೀಗೆ ಎಂದು ನಾನು ಹೆದರಿಸಿದೆ. ಕಂಪ್ಯೂಟರಿನ ಪೆಟ್ಟಿಗೆಯ ಬದಿಯ ಬಾಗಿಲು ತೆಗೆದು, ಟೇಬಲ್ ಫ್ಯಾನ್ ಇಟ್ಟು, ಭಾವ ತಾವು ಬೆವರುತ್ತ ಟ್ರೇಲರಿಗೆ ಗಾಳಿ ಹಾಕಿದರು. ಅಕ್ಕ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಆ ಹೊಗೆಗೆ ನಾನು ಕೆಮ್ಮಿದೆನೇ ಹೊರತು ಟ್ರೇಲರು ಒಂದು ಗೇಣೂ ಹೆಚ್ಚು ಓಡಲಿಲ್ಲ.

ಆಟದ ಚಿತ್ರಗಳ ಭಾರ ಕಡಿಮೆ ಮಾಡಿದರೆ ಓಡುತ್ತದೆ ಎಂದು ಭಾವ ಮೊಬೈಲಿನಲ್ಲಿ ಒಂದು ಮಲಯಾಳ ವೀಡಿಯೋ ನೋಡಿದರು. ಸರಿ, ಮೊದಲು ಮೋಡ ಅಳಿಸಿದರು. ಆಮೇಲೆ ನೆರಳು ತೆಗೆದರು. ಕನ್ನಡಿಗಳನ್ನು ಕಿತ್ತರು. ಖರ್ಜೂರದ ಮರಗಳನ್ನೆಲ್ಲ ಒಂದೇ ಬೆಳಿಗ್ಗೆ ಸವರಿ ಹಾಕಿದರು. ಕೊನೆಗೆ ಉಳಿದದ್ದು ಬೋಳು ರಸ್ತೆ ಮತ್ತು ಅದರ ಮೇಲೆ ಕುಂಟುವ ಟ್ರೇಲರು.

ಅಕ್ಕ ಬಾಗಿಲಲ್ಲಿ ನಿಂತು ಇಣುಕಿದಳು. “ಇದೆಂತ, ಮರವೂ ಇಲ್ಲ, ಮೋಡವೂ ಇಲ್ಲ! ಇದನ್ನು ನೋಡ್ಲಿಕ್ಕಾ ನನ್ನನ್ನು ಗಲ್ಫಿಗೆ ಕರ್ಕೊಂಡು ಹೋಗುದು?”

“ನೀನು ಸ್ವಲ್ಪ ತಾಳು ಮಾರಾಯ್ತಿ!”

“ತಾಳುದು ನನಗೆ ಹೊಸತಾ?”

ಆ ಮಾತಿಗೆ ನಾವಿಬ್ಬರೂ ಕಂಪ್ಯೂಟರಿನೊಳಗೆ ತಲೆ ತೂರಿಸಿಕೊಂಡೆವು.

ಕೊನೆಗೆ ಕಾಸರಗೋಡಿನ ಅಂಗಡಿಗೇ ಒಯ್ಯುವುದೆಂದಾಯಿತು. ಆಟೋದಲ್ಲಿ ಭಾವ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಹೊಂಡ ಬಂದಾಗಲೆಲ್ಲ “ಮೆಲ್ಲ, ಮೆಲ್ಲ!” ಎನ್ನುತ್ತಿದ್ದರು. ಆಟೋದವನು ತಿರುಗಿ ನೋಡಿ, “ಯಾವ ಆಸ್ಪತ್ರೆಗೆ?” ಎಂದು ಕೇಳಿದ.

ಅಂಗಡಿಯ ಮಾಲಿಕ ನನ್ನದೇ ಪ್ರಾಯದ ಬ್ಯಾರಿ, ಒಂದು ಕಿವಿಯಲ್ಲಿ ಫೋನು, ಎದುರಿಗೆ ನಾಲ್ಕು ಗಿರಾಕಿಗಳು. ಮಾತಾಡುತ್ತಲೇ ಪೆಟ್ಟಿಗೆಯ ಹಿಂದೆ ಕೈಹಾಕಿ ಏನೇನೋ ಎಳೆದು, ಏನೇನೋ ಸಿಕ್ಕಿಸಿ ಗುಂಡಿ ಒತ್ತಿದರು. ಅಯ್ಯೋ! ಟ್ರೇಲರು ಎಣ್ಣೆ ಹಚ್ಚಿದ ಹಾಗೆ ಓಡಿತು! ಭಾವ ಅಳಿಸಿದ್ದನ್ನೆಲ್ಲ ಅವರು ತಿರುಗಿ ಹಾಕಿದರು; ಮರ ಬಂದವು, ಮೋಡ ಬಂದವು, ಮರಳಿನ ಮೇಲೆ ನೆರಳೂ ಬಂತು.

“ನೋಡಿ ಅಣ್ಣ, ಇದಕ್ಕೆ ಎಂತದ್ದೂ ಆಗಲಿಲ್ಲ” ಎಂದರು ಬ್ಯಾರಿ.

ಹೊರಡುವಾಗ ಭಾವ ಮೇಜಿನ ಮೇಲಿಂದ ಕೆಂಪಗಿನ ಏನನ್ನೋ ಗುಬ್ಬಿ ಕಾಳು ಹೆಕ್ಕಿದ ಹಾಗೆ ಹೆಕ್ಕಿ, ಅತ್ತಿತ್ತ ನೋಡಿ, ಕಿಸೆಗೆ ಹಾಕಿಕೊಂಡರು. ಮಿಠಾಯಿ! ಸಕ್ಕರೆ ಕಾಯಿಲೆಯ ಮನುಷ್ಯ ಗಿರಾಕಿಗಳಿಗೆ ಇಟ್ಟ ಮಿಠಾಯಿಯನ್ನು ಕದ್ದು ತಿನ್ನುತ್ತಿದ್ದಾರೆ!

ಮನೆಗೆ ತಂದು, ಭಾವ ಒಬ್ಬರೇ ಕೋಣೆಗೆ ಹೋಗಿ ಎಲ್ಲ ಜೋಡಿಸಿದರು. ಟ್ರೇಲರು ಒಂದು ಹೆಜ್ಜೆ ಹೋಯಿತು. ನಿಂತಿತು. ಯೋಚಿಸಿತು.

ಮರ, ಮೋಡಗಳನ್ನು ಪುನಃ ಸವರಿ ನೋಡಿದರೂ ಹಾಗೆಯೇ. ಅಂಗಡಿಗೆ ಫೋನ್ ಹೋಯಿತು. “ವಯರು ಸರಿ ಹಾಕಿದ್ದೀರಾ ಅಣ್ಣ?” “ಗಟ್ಟಿ ಹಾಕಿದ್ದೇನೆ ಮಾರಾಯ್ರೇ, ಎಳೆದ್ರೂ ಬರುದಿಲ್ಲ!” “ಹಾಗಾದ್ರೆ ಅದಕ್ಕೆ ನಿಮ್ಮ ಮನೆ ಇಷ್ಟ ಇಲ್ಲ” ಎಂದು ಬ್ಯಾರಿ ಫೋನಿಟ್ಟರು. ಭಾವ ಬಲದ ಕುರ್ಚಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಅದರಲ್ಲಿ ಧೂಳೇ ಇರಲಿಲ್ಲ.

ನನಗೆ ಆಗ ಕಂಪ್ಯೂಟರಿನ ಚಿಂತೆಯಲ್ಲ, ಮಿಠಾಯಿಯ ಚಿಂತೆ. ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಮೂರನೆಯ ದಿನ ಅಕ್ಕನಿಗೆ ಹೇಳಿಬಿಟ್ಟೆ. ಅಕ್ಕ ಸೌಟು ಹಿಡಿದುಕೊಂಡೇ ಒಳಕೋಣೆಗೆ ನುಗ್ಗಿದಳು. ಹಿಂದಿನಿಂದ ನಾನು.

“ಮಿಠಾಯಿ ಎಲ್ಲಿ ಇಟ್ಟಿದ್ದೀರಿ?”

“ಯಾವ ಮಿಠಾಯಿ?”

“ಅಂಗಡಿಯಿಂದ ಕಿಸೆಗೆ ಹಾಕಿದ್ದು! ತಮ್ಮ ನೋಡಿದ್ದಾನೆ. ಕಾಲು ಹೋದದ್ದು ಸಾಲದಾ ನಿಮಗೆ?”

ಭಾವ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. “ಮಿಠಾಯಿ ಅಲ್ಲ ಅದು, ಮುಚ್ಚಳ! ಬೇಕಾದ್ರೆ ನೋಡು” ಎಂದು ಪೆಟ್ಟಿಗೆಯ ಬೆನ್ನು ತಿರುಗಿಸಿದರು.

ನೋಡಿದೆವು. ಗ್ರಾಫಿಕ್ಸ್ ಕಾರ್ಡಿನ ವಯರು ಸಿಕ್ಕಿಸುವ ಬಾಯಿಗಳಿಗೆಲ್ಲ ಕೆಂಪು ಪ್ಲಾಸ್ಟಿಕ್ಕಿನ ಮುದ್ದಾದ ಟೊಪ್ಪಿಗೆಗಳು. ಸ್ವಲ್ಪ ಮೇಲೆ ಅಂಥದ್ದೇ ಇನ್ನೊಂದು ಬಾಯಿ, ಟೊಪ್ಪಿಯಿಲ್ಲದ್ದು. ಪರದೆಯ ವಯರು ಅದರೊಳಗೆ ಭದ್ರವಾಗಿ ಕೂತಿತ್ತು.

“ಆ ಬ್ಯಾರಿಗೆ ಹೊಸ ಸಾಮಾನು ಅಂತ ಒಂದು ಮರ್ಯಾದೆ ಇಲ್ಲ. ಟೊಪ್ಪಿ ಕಿತ್ತು ಮೇಜಿನ ಮೇಲೆ ಬಿಸಾಡಿದ. ನಾನು ತಂದು ಪುನಃ ಹಾಕಿದೆ. ಒಂದೇ ನಮೂನೆಯ ತೂತು ಎರಡು ಕಡೆ ಉಂಟಲ್ಲ? ಮೇಲಿನದ್ದು ಖರ್ಚಿಗೆ. ಕೆಳಗಿನದ್ದು ಇರ್ಲಿ ಅಂತ.”

‘ಇರ್ಲಿ ಅಂತ’! ಒಳ್ಳೆಯ ಗ್ಲಾಸು ನೆಂಟರಿಗೆ, ಒಳ್ಳೆಯ ತೂತು ನಾಳೆಗೆ!

ನಾನೇ ಬ್ಯಾರಿಗೆ ಫೋನ್ ಮಾಡಿ ಟೊಪ್ಪಿಯ ಕತೆ ಹೇಳಿದೆ. ಆಚೆಯಿಂದ ಒಂದು ನಿಮಿಷ ನಗು ಮಾತ್ರ ಕೇಳಿತು. “ಅಣ್ಣ, ಕೆಳಗಿನದರಲ್ಲಿ ಸಿಕ್ಕಿಸಿದ್ರೆ ಮಾತ್ರ ಆ ದೊಡ್ಡ ಕಾರ್ಡ್ ಕೆಲಸ ಮಾಡುದು. ನೀವು ಟ್ರೇಲರನ್ನು ಶೆಡ್ಡಿನಲ್ಲಿ ಮುಚ್ಚಿಟ್ಟು, ಸೈಕಲಿನಲ್ಲಿ ಸಿಮೆಂಟ್ ಸಾಗಿಸಿದ್ದು!”

ನಾನು ಅದನ್ನು ಭಾವನಿಗೆ ಹೇಳಿದೆ. ಜೋರಾಗಿ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಬಗ್ಗಿ, ಒಂದು ಟೊಪ್ಪಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದರು. ವಯರನ್ನು ಅಲ್ಲಿಗೆ ಸಿಕ್ಕಿಸಿದರು. ಕಡಿದ ಮರಗಳನ್ನೆಲ್ಲ ಪುನಃ ನೆಟ್ಟರು. ಮೋಡ, ನೆರಳು, ಕನ್ನಡಿ, ಎಲ್ಲವನ್ನೂ ತಂದರು.

ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟು ಬಲದ ಕುರ್ಚಿಯಲ್ಲಿ ಕೂರಲು ಬಂದಳು.

“ನಿಲ್ಲು” ಎಂದರು ಭಾವ.

ಕುರ್ಚಿಯನ್ನು ತಮ್ಮ ಕಡೆ ಎಳೆದುಕೊಂಡು ಅದರ ಪ್ಲಾಸ್ಟಿಕ್ಕನ್ನು ಹರಿಯತೊಡಗಿದರು. ನಾನು ಆ ಮನೆಯಲ್ಲಿ ಆ ಸದ್ದನ್ನು ಕೇಳಿದ್ದು ಅದೇ ಮೊದಲು.

“ಅಯ್ಯೋ, ಇರ್ಲಿ ಬಿಡಿ, ಹೊಸತು” ಎಂದಳು ಅಕ್ಕ.

“ಇನ್ನೆಷ್ಟು ಇಡುದು ಮಾರಾಯ್ತಿ? ಕೂತ್ಕೊ.”

ಕೂತಳು. ಈ ಸಲ ಕುರ್ಚಿ ಸದ್ದು ಮಾಡಲಿಲ್ಲ. ಟ್ರೇಲರು ಹೊರಟಿತು. ಎಲ್ಲಿಯೂ ನಿಲ್ಲದೆ, ಯೋಚಿಸದೆ, ನೀರಿನ ಹಾಗೆ ಹೋಯಿತು. ಅಕ್ಕ ಸೆರಗನ್ನು ಹೊದ್ದುಕೊಂಡಳು, ಕಿಟಕಿಯಿಂದ ಗಾಳಿ ಬೀಸಿದ ಹಾಗೆ.

“ಅದೆಂತ, ಅಲ್ಲಿ?”

“ಅದು ಪಂಪು. ಅಲ್ಲಿಯ ಚಾ ಒಳ್ಳೆಯದು. ಮೊದಲು ಟೆಲಿಫೋನ್ ಬೂತ್ ಇತ್ತು ಅಲ್ಲಿ. ನಿನಗೆ ಫೋನ್ ಮಾಡ್ತಿದ್ದದ್ದು ಅಂಥಾ ಕಡೆಯಿಂದಲೇ.”

“ಲಾರಿಯ ಸದ್ದು ಕೇಳ್ತಿತ್ತು” ಎಂದಳು ಅಕ್ಕ. “ನೀವು ಮಾತಾಡದಿದ್ರೂ ಅದು ಕೇಳ್ತಿತ್ತು.”

ಆ ಪಂಪು ದಾಟಿದ ಮೇಲೆ ಪರದೆಯ ರಸ್ತೆ ಸಾವಕಾಶವಾಯಿತು. ಹಿಂದಿನಿಂದ ಬಂದ ಗಾಡಿಗಳೆಲ್ಲ ಹಾರ್ನ್ ಹಾಕಿ ಮುಂದೆ ಹೋಗತೊಡಗಿದವು. ನಾನು ಪೆಟ್ಟಿಗೆಯ ಬೆನ್ನಿಗೆ ಇಣುಕಿದೆ.

“ಭಾವ, ಪುನಃ ನಿಧಾನ ಆಯ್ತಲ್ಲ! ವಯರು ಸಡಿಲ ಆಯ್ತಾ ಎಂತ?”

“ಇಲ್ಲ ಮಾರಾಯ” ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ. “ನಾನೇ ಮೆಲ್ಲ ಬಿಟ್ಟದ್ದು. ಅವಳು ನೋಡ್ಲಿ.”