ಮೂರನೆಯ ಮನೆಗೆ ಹೊರಟ ಯಜಮಾನ

ಬಿಜೂರಿನಲ್ಲಿ ಹುಟ್ಟಿ, ಮುಂಬೈ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಸವೆಸಿ, ಕುಂದಾಪುರದಲ್ಲಿ ಎರಡು ಬಾಡಿಗೆ ಮನೆ ಕಟ್ಟಿಸಿದವನು ನಾನು. ಅಂಥವನಿಗೆ ಮೂರನೆಯದಕ್ಕೆ ಸಾಲ ಕೊಡಲು ಯಾವ ಬ್ಯಾಂಕು ಹಿಂಜರಿದೀತು? ಆ ಧೈರ್ಯದಲ್ಲಿ ಬ್ರಹ್ಮಾವರದ ಒಂದು ಮನೆಗೆ ಮುಂಗಡ ಕೊಟ್ಟೇಬಿಟ್ಟೆ. ಹೆಂಡತಿ ವನಜಳ ಮಂಡಿಯ ಆಪರೇಶನ್‌ಗೆಂದು ಇಟ್ಟಿದ್ದ ಹಣ ಅದು. ಅವಳಿಗೆ ಹೇಳಲಿಲ್ಲ. ಸಾಲ ಸಿಕ್ಕಿದ ಮೇಲೆ ಒಟ್ಟಿಗೇ ಹೇಳಿದರಾಯಿತು!

ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬ್ಯಾಂಕಿಗೆ ದಯಮಾಡಿಸಿದೆ.

"ಬಾಡಿಗೆ ಬರುವುದಕ್ಕೆ ದಾಖಲೆ ಏನಿದೆ?" ಎಂದರು ಮ್ಯಾನೇಜರಮ್ಮ.

"ಕೈಗೇ ತಂದು ಕೊಡುತ್ತಾರೆ ಮೇಡಂ. ನಾನೇ ಸಾಕ್ಷಿ."

"ಕರಾರು ಪತ್ರ?"

"ಬಾಯಿಮಾತು."

"ತೆರಿಗೆ ರಿಟರ್ನ್?"

ನಾನು ಫ್ಯಾನ್ ನೋಡಿದೆ.

"ಕ್ಷಮಿಸಿ. ನಮ್ಮ ಪ್ರಕಾರ ನಿಮಗೆ ಆದಾಯವೇ ಇಲ್ಲ."

ಎರಡು ಮನೆಗಳ ಯಜಮಾನ ನಿಂತ ನಿಲುವಿನಲ್ಲೇ ನಿರುದ್ಯೋಗಿಯಾದ!

ಮನೆಗೆ ಬಂದು ಎಲ್ಲ ಒಪ್ಪಿಸಿದೆ. ವನಜ ಬೈಯಲಿಲ್ಲ. "ನನ್ ಹತ್ರ ಒಂದ್ ಮಾತ್ ಕೇಂಬ ಅಂತ ಅನ್ಸ್ಲಿಲ್ಯಾ?" ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ನಡೆದಳು. ಬೈದಿದ್ದರೆ ವಾಸಿಯಿತ್ತು.

ಮುಂಗಡ ವಾಪಸು ಕೇಳಲು ಬ್ರಹ್ಮಾವರಕ್ಕೆ ಓಡಿದೆ. "ಬೇರೆ ಗಿರಾಕಿ ತನ್ನಿ, ಕೊಡ್ತೆ" ಎಂದ ಮನೆ ಮಾರುವವನು. ಸಿಕ್ಕಸಿಕ್ಕವರಿಗೆಲ್ಲ ಆ ಮನೆಯ ಗುಣಗಾನ ಮಾಡತೊಡಗಿದೆ. ನನ್ನ ಬಾಡಿಗೆದಾರಳು, ನರ್ಸ್ ಸುಮತಿಯ ಮುಂದೆಯೂ. "ಯಾರಾದ್ರೂ ಇದ್ರೆ ಹೇಳ್ ಮಾರಾಯ್ತಿ. ಗಾಳಿ ಬೆಳಕು ಲಾಯ್ಕಿತ್ತ್, ಬಾವಿ ಬತ್ತುದೇ ಇಲ್ಲ."

ಸುಮತಿ ತುಸು ಯೋಚಿಸಿದಳು. "ಅಷ್ಟ್ ಲಾಯ್ಕಿದ್ರೆ ಆ ಮನೆ ನಾನೇ ತಕಂತೆ ಅಣ್ಣ. ನನ್ ಆಸ್ಪತ್ರೆಗೂ ಹತ್ರ."

ನಾನು ನಕ್ಕೆ. ಅವಳು ಸಂಬಳದ ಚೀಟಿ ಹಿಡಿದು ಅದೇ ಬ್ಯಾಂಕಿಗೆ ಹೋದಳು. ಅದೇ ಮ್ಯಾನೇಜರಮ್ಮ ಸಾಲ ಕೊಟ್ಟರು!

ಮುಂಗಡ ಮರಳಿತು. ಆಪರೇಶನ್ ಸುಸೂತ್ರವಾಗಿ ಮುಗಿಯಿತು. ವನಜ ಮೆಟ್ಟಿಲು ಹತ್ತಿಯೇ ಸುಮತಿಯ ಗೃಹಪ್ರವೇಶಕ್ಕೆ ಬಂದಳು. ನನ್ನೊಡನೆ ಬಿಟ್ಟಿದ್ದ ಮಾತೂ ಮತ್ತೆ ಶುರುವಾಗಿತ್ತು. ಪಾಯಸ ಉಣ್ಣುವಾಗಲೇ ನನಗೆ ಲೆಕ್ಕ ಹೊಳೆಯಿತು. ಒಂದು ದಿನವೂ ಬಾಡಿಗೆ ತಡಮಾಡದ ಬಾಡಿಗೆದಾರಳನ್ನು ನಾನೇ ಮುಂದೆ ನಿಂತು ಬೀಳ್ಕೊಟ್ಟಿದ್ದೆ!

ಮರುದಿನ ಖಾಲಿ ಮನೆಯ ಗೇಟಿಗೆ 'ಬಾಡಿಗೆಗಿದೆ' ಬೋರ್ಡು ಕಟ್ಟುತ್ತಿದ್ದೆ. ದಾರಿಹೋಕನೊಬ್ಬ ಸ್ಕೂಟರ್ ನಿಲ್ಲಿಸಿ ಕೇಳಿದ:

"ಹ್ವಾಯ್, ನೀವ್ ಬ್ರೋಕರಾ?"

ಕ್ಷಣ ಯೋಚಿಸಿ, ಹೌದೆಂದೆ.