ಅಂಟಿನುಂಡಿಯೂ ನನ್ನ ರಕ್ತವೂ

ನಮ್ಮ ಮಗಳು ಸುಧಾ ಹೆಣ್ಣು ಹೆತ್ತಿದ್ದಾಳೆ, ಕೂಸು ಇವತ್ತು ತೊಟ್ಟಿಲೇರಿತು. ನಿನ್ನೆಯಷ್ಟೇ ಚಿಕ್ಕೋಡಿಯ ಡಾಕ್ಟರು ನನ್ನ ರಕ್ತ ತಿಳಿಯಾಗಿದೆ ಎಂದರು. ಎರಡು ಸಂತೋಷ ಒಟ್ಟಿಗೆ ಬಂದರೆ ನಾಲ್ಕನೆಯ ಇಯತ್ತೆ ಕಲಿತ ಅಜ್ಜಿ ಏನು ಮಾಡಬೇಕು? ಸಿಕ್ಕವರಿಗೆಲ್ಲ ಹೇಳಬೇಕು. ಹಾಲಿನವನಿಗೆ ಎರಡೆರಡು ಸಲ ಹೇಳಿದ್ದೇನೆ.

ಅನುಮಾನ ನನ್ನ ಹುಟ್ಟುಗುಣ. ಸಂತೆಯ ತಕ್ಕಡಿಯನ್ನು ನಂಬುವುದಿಲ್ಲ. ತುಪ್ಪವನ್ನು ಅಂಗೈಗೆ ಉಜ್ಜಿ ಮೂಸದೆ ಕೊಳ್ಳುವುದಿಲ್ಲ. ಇಂಥವಳನ್ನು ಮಗ ಕರೆದೊಯ್ದು ತಪಾಸಣೆಗೆ ರಕ್ತ ಕೊಡಿಸಿದ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು, ಹಾಗೆಯೇ ಹೋದೆ. ಬಸ್ಸು ಹಿಡಿದು, ಸರದಿ ಕಾದು, ರಕ್ತ ಕೊಡುವಾಗ ಬಿಸಿಲೇರಿತ್ತು. ಆಮೇಲೆ ಡಾಕ್ಟರು ಸಣ್ಣ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಳಗೆ ಕೆಂಪು, ಮೇಲೆ ತಿಳಿನೀರು ಇರಬೇಕಾದಲ್ಲಿ ಮಜ್ಜಿಗೆಯಂಥ ಬಿಳುಪು. ನನಗೆ ನಳಿಕೆ ತಿರುಗಿಸಿದ ಯಂತ್ರದ ಮೇಲೆಯೇ ಅನುಮಾನ ಬಂತು.

ತಿಂದ ಜಿಡ್ಡು ತಾಸುಗಟ್ಟಲೆ ರಕ್ತದಲ್ಲಿ ತೇಲುತ್ತದಂತೆ. ಊಟ ಹಗುರ ಮಾಡಿ, ದಿನಾ ನಡೆಯಬೇಕಂತೆ. ಡಾಕ್ಟರು ಕೊನೆಗೆ, “ಇವತ್ತ ನಡದ್ರ ನಾಳಿ ತಿಂದ ಜಿಡ್ಡೂ ಲಗೂನ ಇಳಿತೈತಿ, ಅಜ್ಜಿ” ಎಂದರು. ಇವತ್ತು ನಾನು ನಡೆದದ್ದನ್ನು ನಾಳೆಯ ತುಪ್ಪಕ್ಕೆ ಹೇಳುವವರಾರು? ಆದರೆ ಮಗ ಹೇಳಿಬಿಟ್ಟ: ರಕ್ತ ತಿಳಿಯಾಗುವವರೆಗೆ ತುಪ್ಪ ಬಂದ್. ಆಗದಿದ್ದರೆ ಕೂಸಿನ ತೊಟ್ಟಿಲ ದಿನವೂ ನನಗೆ ಒಣ ಹೋಳಿಗೆ. ಮೊಮ್ಮಗಳ ಹೆಸರಿಡುವ ದಿನ ಅಜ್ಜಿ ಒಣ ಹೋಳಿಗೆ ತಿನ್ನುವುದೆಂದರೆ!

ಸೊಸೆ ಸವಿತಾ ದಿನವೂ ಸಂಜೆ ನನ್ನನ್ನು ಕಬ್ಬಿನ ಹೊಲದ ದಾರಿಯಲ್ಲಿ ಕಾಲುವೆಯವರೆಗೆ ನಡೆಸಿದಳು. ನನ್ನನ್ನು ಹೊರಗೆ ಹಾಕಿ ಮನೆಯಲ್ಲಿ ಏನೋ ನಡೆದಿದೆ ಎನಿಸಿತು. ತಿರುಗಿ ಬಂದವಳೇ ಯಜಮಾನರ ಮೀಸೆ ಮೂಸಿದೆ. ತುಪ್ಪ, ಏಲಕ್ಕಿ. ತಲೆಗೆ ಹಚ್ಚಿದ ಎಣ್ಣೆ ಎಂದರು. ಏಲಕ್ಕಿ ಹಾಕಿದ ಎಣ್ಣೆ ಯಾವ ಅಂಗಡಿಯಲ್ಲಿ ಸಿಗುತ್ತದೋ ಹೇಳಲಿಲ್ಲ.

ಎರಡನೆಯ ತಪಾಸಣೆಯ ಮುಂಜಾನೆ ಎಂದಿನಂತೆ ಡಬ್ಬಿಗೆ ಕೈಹಾಕಿದೆ. ಬಾಣಂತಿ ಸುಧಾಗೆಂದು ನಾನೇ ಕಟ್ಟಿದ ಅಂಟಿನುಂಡಿ: ಒಣಕೊಬ್ಬರಿ, ಉತ್ತತ್ತಿ, ಏಲಕ್ಕಿ, ತುಪ್ಪದಲ್ಲಿ ಹುರಿದ ಅಂಟು. ಸವಿತಾ ಹಿಂದೆಯೇ ನಿಂತಿದ್ದಳು.

“ಅತ್ತಿ, ಖಾಲಿ ಹೊಟ್ಟಿ ಅಂದಾರಲ್ರಿ?”

“ಇದೇನ ಊಟ ಏನು? ಔಷಧ. ಬಾಣಂತಿಗೆ ಕೊಡೂದಿಲ್ಲೇನ?”

“ಬಾಣಂತಿ ಯಾರ್ರಿ, ನೀವೇನು?”

ನಾನು ಡಬ್ಬಿ ಮುಚ್ಚುವಷ್ಟರಲ್ಲಿ ಅವಳು ನಗುತ್ತ ನೆಲಕ್ಕೆ ಕುಳಿತಳು. ಹೋದ ಸಲವೂ ಔಷಧ ತೆಗೆದುಕೊಂಡೇ ಹೋಗಿದ್ದಿರೇನು ಎಂದು ಕೇಳಿದಳು. ಹೌದು, ಎರಡು. ಸೊಂಟನೋವಿಗೆ.

ಹೀಗೆ ಈ ಸಲ ನಿಜವಾಗಿ ಖಾಲಿ ಹೊಟ್ಟೆಯಲ್ಲಿ ಹೋದೆ, ರಕ್ತ ತಿಳಿಯಾಗಿತ್ತು. ನಡೆದದ್ದರಿಂದಲೋ ಉಂಡಿ ಬಿಟ್ಟದ್ದರಿಂದಲೋ ಎಂದು ಕೇಳಿದೆ. ಎರಡನ್ನೂ ಬಿಡಬೇಡಿ ಎಂದು ಡಾಕ್ಟರು ಹೇಳಿ, ಹೆಸರಿಡುವ ದಿನಕ್ಕೆ ಒಂದು ಚಮಚ ತುಪ್ಪಕ್ಕೆ ಅಪ್ಪಣೆ ಕೊಟ್ಟರು. ಉಂಡಿ ಬಿಡಬೇಡಿ ಎಂದರೋ ಎಂದು ಮತ್ತೆ ಕೇಳಿದೆ. ಉಂಡಿ ಬಿಟ್ಟದ್ದನ್ನು ಬಿಡಬೇಡಿ ಅಂದದ್ದಂತೆ.

ಇವತ್ತು ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಸವಿತಾ ನನ್ನ ಹೋಳಿಗೆಗೆ ಒಂದು ಚಮಚ ತುಪ್ಪ ಹಾಕಿದಳು. ಮನೆಯಲ್ಲಿ ಇದಕ್ಕಿಂತ ದೊಡ್ಡ ಚಮಚ ಇತ್ತಲ್ಲ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಸುಧಾ, “ಅವ್ವಾ, ಉಂಡಿ ಡಬ್ಬಿ ಅರ್ಧಾ ಖಾಲಿ ಆಗೇತಿ, ನಾ ಅಷ್ಟ ತಿಂದಿಲ್ಲ” ಎಂದಳು. ಎಲ್ಲರ ಕಣ್ಣೂ ನನ್ನ ಮೇಲೆ.

“ನನ್ನ ಯಾಕ ನೋಡತೀರಿ? ಆ ಮೀಸಿ ಮೂಸ್ರಿ” ಎಂದೆ.

ಯಾರೂ ಮೂಸಲಿಲ್ಲ. ಆದರೆ ಯಜಮಾನರ ಕೈ ತಾನಾಗಿಯೇ ಮೀಸೆಗೆ ಹೋಯಿತು. ಸವಿತಾ ಅವರ ಹೋಳಿಗೆಗೂ ಅದೇ ಸಣ್ಣ ಚಮಚದಿಂದ ಒಂದೇ ಸಲ ಹಾಕಿ, ನಾಳೆಯಿಂದ ಮಾವನವರೂ ಕಾಲುವೆಗೆ ಬರಲಿ ಎಂದಳು. ನನಗೆ ಕೂಸು ಹುಟ್ಟಿದಷ್ಟೇ ಸಂತೋಷವಾಯಿತು. ಎರಡನೆಯ ಹೋಳಿಗೆಯನ್ನು ತುಪ್ಪವಿಲ್ಲದೆಯೇ ಮುರಿದೆ. ಬಾಯಿಗಿಡುವಾಗ ಹೊಳೆಯಿತು: ನಾವೆಲ್ಲ ಕಾಲುವೆಗೆ ಹೋದರೆ ಡಬ್ಬಿ ಕಾಯುವವರಾರು? ಎಲ್ಲರೂ ನಗುತ್ತ ಉಣ್ಣುತ್ತಿದ್ದರು. ನಾನೂ ಉಣ್ಣುತ್ತ, ಮಗನ ಮುಖವನ್ನೇ ನೋಡತೊಡಗಿದೆ. ಅವನಿಗೂ ಮೀಸೆ ಇದೆ.